ಕೇದಾರಕಂಠಕ್ಕೆ ಬೂಟು: ಹಗುರ ಇರಬೇಕು, ಒಳಗೆ ನೀರು ನುಗ್ಗಬಾರದು

ಡಿಸೆಂಬರ್ ಹತ್ತಿರ ಬಂತೆಂದರೆ ಓದುಗರು ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ: "ಉತ್ತರಾಖಂಡದ ಹಿಮ ಚಾರಣಕ್ಕೆ ಹೆಸರು ಕೊಟ್ಟಿದ್ದೇವೆ, ಯಾವ ಬೂಟು ತಗೊಳ್ಳೋದು?" ಕಂಪನಿಯ ಹೆಸರೊಂದನ್ನು ಹೇಳಿ ಮುಗಿಸುವಂಥ ಪ್ರಶ್ನೆ ಇದಲ್ಲ. ಗೆಳೆಯನ ಕಾಲಿಗೆ ಹೂವಿನಂತೆ ಕೂತ ಬೂಟು ನಿಮ್ಮ ಹೆಬ್ಬೆರಳ ಉಗುರನ್ನು ಕಪ್ಪಾಗಿಸಬಹುದು. ಹಾಗಾಗಿ ಆರಿಸುವ ಕ್ರಮವನ್ನೇ ಇಲ್ಲಿ ಹಂತ ಹಂತವಾಗಿ ಕೊಟ್ಟಿದ್ದೇವೆ. ಉದಾಹರಣೆಗೆ ಕೇದಾರಕಂಠವನ್ನು ಇಟ್ಟುಕೊಂಡಿದ್ದೇವೆ, ಏಕೆಂದರೆ ಮೊದಲ ಸಲ ಹಿಮ ತುಳಿಯುವ ನಮ್ಮವರಲ್ಲಿ ಬಹಳ ಮಂದಿ ಹೋಗುವುದು ಅಲ್ಲಿಗೇ. ಬ್ರಹ್ಮತಾಲ್, ಕುವಾರಿ ಪಾಸ್‌ಗೂ ಇದೇ ಲೆಕ್ಕ.

ಕೊಳ್ಳಲು ಕನಿಷ್ಠ ಆರು ವಾರ ಮೊದಲೇ ಹೊರಡಿ. ಹೊರಡುವ ಹಿಂದಿನ ವಾರ ಕೊಂಡ ಬೂಟು ಎಷ್ಟೇ ಬೆಲೆಯದಾದರೂ ಹೊಸ ಬೂಟೇ, ಹೊಸ ಬೂಟು ಕಚ್ಚುತ್ತದೆ.

ಹಂತ 1: ಯಾವ ನೆಲ, ಯಾವ ತೇವ ಎಂದು ತಿಳಿದುಕೊಳ್ಳಿ

ಚಾರಣ ಶುರುವಾಗುವ, ಉತ್ತರಕಾಶಿ ಜಿಲ್ಲೆಯ ಸಾಂಕ್ರಿ ಹಳ್ಳಿ ಸುಮಾರು 1,950 ಮೀಟರ್ ಎತ್ತರದಲ್ಲಿದೆ, ಕೇದಾರಕಂಠದ ತುದಿ ಸುಮಾರು 3,800 ಮೀಟರ್. ಮೊದಲು ಪೈನ್ ಕಾಡಿನ ಮಣ್ಣು ದಾರಿ, ಆಮೇಲೆ ಹಿಮ. ತುದಿ ಹತ್ತುವ ದಿನ ನಸುಕಿಗೂ ಮೊದಲೇ ಹೊರಡುವುದು ವಾಡಿಕೆ. ಆಗ ಹಿಮ ಗಟ್ಟಿಯಾಗಿ, ಒಣಗಿ, ಕರಕರ ಅನ್ನುತ್ತಿರುತ್ತದೆ. ಬಿಸಿಲೇರಿದ ಮೇಲೆ ಇಳಿಯುವಾಗ ಅದೇ ಹಿಮ ಕರಗಿ ರಾಡಿಯಾಗಿರುತ್ತದೆ. ಬೂಟು ನೆನೆಯುವುದು ಹೆಚ್ಚಾಗಿ ಈ ಇಳಿಯುವ ಹೊತ್ತಿನಲ್ಲಿ. ನೆನೆದದ್ದು ರಾತ್ರಿ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಕಲ್ಲಾಗುತ್ತದೆ. ಅಂದರೆ ನಿಮಗೆ ಬೇಕಾದದ್ದು ನಾಲ್ಕೈದು ಗಂಟೆ ಒದ್ದೆ ಹಿಮವನ್ನು ತಡೆದು, ದಿನವಿಡೀ ನಡೆದರೂ ಕಾಲು ದಣಿಸದ ಬೂಟು.

ಇಲ್ಲೇ ಒಂದು ಮಾತು. ಮಳೆಗಾಲದಲ್ಲಿ ಕುಮಾರ ಪರ್ವತಕ್ಕೋ ಕೊಡಚಾದ್ರಿಗೋ ಇದೇ ಬೂಟು ಸಾಕೇ ಎಂದು ಕೇಳುವವರಿದ್ದಾರೆ. ಬೇಡ. ಮಲೆನಾಡಿನ ಜುಲೈಯಲ್ಲಿ ನೀರು ಬರುವುದು ಮೇಲಿನಿಂದ: ಹಳ್ಳ ದಾಟುವಾಗ, ಪ್ಯಾಂಟಿನಿಂದ ಇಳಿದು. ಹೊರಗಿನ ನೀರನ್ನು ತಡೆಯುವ ಪೊರೆಯೇ ಒಳಬಿದ್ದ ನೀರನ್ನೂ ಹೊರಬಿಡದೆ ಹಿಡಿದಿಡುತ್ತದೆ. ದಿನವಿಡೀ ಕಾಲು ಬಕೆಟ್ಟಿನಲ್ಲಿಟ್ಟ ಹಾಗೆ. ಅಲ್ಲಿಗೆ ನೀರು ಸೋರಿ ಹೋಗುವ ಜಾಳಿಗೆ ಬಟ್ಟೆಯ ಶೂ, ಉಂಬಳಕ್ಕೆ ಉದ್ದ ಕಾಲುಚೀಲ ಸರಿ. ಒಂದೇ ಜೊತೆಯಲ್ಲಿ ಎರಡನ್ನೂ ಮುಗಿಸಲು ಹೋದರೆ ಎರಡೂ ಕೆಡುತ್ತವೆ.

ಹಂತ 2: ಪಾದ ಅಳೆಯಿರಿ

ನಿಮ್ಮ ಆಫೀಸ್ ಶೂ ಸೈಜನ್ನು ಮರೆತುಬಿಡಿ. ಸಂಜೆ ಹೊತ್ತು, ನಡೆದಾಡಿ ಪಾದ ಸ್ವಲ್ಪ ಊದಿಕೊಂಡಿರುವಾಗ, ಗೋಡೆಗೆ ತಾಗಿದಂತೆ ನೆಲದ ಮೇಲೆ ಬಿಳಿ ಹಾಳೆ ಇಡಿ. ಚಾರಣಕ್ಕೆ ಹಾಕುವ ದಪ್ಪ ಕಾಲುಚೀಲ ಹಾಕಿಕೊಂಡು, ಹಿಮ್ಮಡಿಯನ್ನು ಗೋಡೆಗೆ ಒತ್ತಿ, ಎರಡೂ ಕಾಲಿನ ಮೇಲೆ ಸಮವಾಗಿ ಭಾರ ಬಿಟ್ಟು ನಿಲ್ಲಿ. ಪೆನ್ಸಿಲ್ಲನ್ನು ನೆಟ್ಟಗೆ ಹಿಡಿದು ಅತಿ ಉದ್ದದ ಬೆರಳಿನ ತುದಿಗೆ ಗುರುತು ಹಾಕಲು ಇನ್ನೊಬ್ಬರಿಗೆ ಹೇಳಿ. ನೀವೇ ಬಗ್ಗಿ ಹಾಕಿದರೆ ಭಾರ ಮುಂದಕ್ಕೆ ಸರಿದು ಅಳತೆ ತಪ್ಪುತ್ತದೆ. ಎರಡೂ ಪಾದ ಅಳೆಯಿರಿ, ದೊಡ್ಡದನ್ನೇ ಲೆಕ್ಕಕ್ಕೆ ಹಿಡಿಯಿರಿ.

ಈ ಉದ್ದಕ್ಕೆ 1ರಿಂದ 1.2 ಸೆಂಟಿಮೀಟರ್ ಸೇರಿಸಿ. ಬೂಟಿನ ಒಳಗಿನ ಉದ್ದ ಅಷ್ಟಿರಬೇಕು. ಯುಕೆ, ಯುಎಸ್, ಯೂರೋಪಿನ ಸೈಜುಗಳು ಕಂಪನಿಯಿಂದ ಕಂಪನಿಗೆ ಹೆಚ್ಚು ಕಡಿಮೆಯಾಗುತ್ತವೆ. ಬೂಟಿನ ನಾಲಿಗೆಯ ಒಳಮೈಯಲ್ಲಿ ಅಥವಾ ಡಬ್ಬಿಯ ಮೇಲೆ ಸೆಂಟಿಮೀಟರ್ ಲೆಕ್ಕವೂ ಬರೆದಿದ್ದರೆ ಅದನ್ನೇ ಮೊದಲು ನೋಡಿ. ಆದರೆ ಕೆಲವು ಕಂಪನಿಗಳು ಅಲ್ಲಿ ಬೂಟಿನ ಒಳ ಅಳತೆಯ ಬದಲು ಪಾದದ ಅಳತೆ ಬರೆದಿರುತ್ತವೆ. ಯಾವುದೆಂದು ಕೇಳಿ ಖಚಿತ ಮಾಡಿಕೊಳ್ಳಿ.

ಅಗಲವೂ ಮುಖ್ಯ. ಚಪ್ಪಲಿಯಲ್ಲಿ, ಬರಿಗಾಲಲ್ಲಿ ಬೆಳೆದ ನಮ್ಮ ಕಾಲಿನ ಮುಂಭಾಗ ಹರಡಿಕೊಂಡಿರುತ್ತದೆ. ಹೊರದೇಶದ ಎಷ್ಟೋ ಬೂಟುಗಳು ಅಲ್ಲಿ ಕಿರಿದು. ಕಿರುಬೆರಳಿನ ಪಕ್ಕ ಒತ್ತಿದರೆ ಉದ್ದದಲ್ಲಿ ಒಂದು ಸೈಜ್ ಏರಿಸುವುದು ಪರಿಹಾರ ಅಲ್ಲ, ಏಕೆಂದರೆ ಹಿಮ್ಮಡಿ ಸಡಿಲವಾಗಿ ಬೊಬ್ಬೆ ಏಳುತ್ತದೆ. ಅದೇ ಉದ್ದದಲ್ಲಿ ಅಗಲದ ಮಾದರಿ ಹುಡುಕಿ.

ಹಂತ 3: ತೂಕ ನೋಡಿ

ಕಾಲಿಗೆ ಕಟ್ಟಿದ ಭಾರ ಬೆನ್ನಿಗೆ ಹೊತ್ತ ಭಾರಕ್ಕಿಂತ ಎಷ್ಟೋ ಪಟ್ಟು ಹೆಚ್ಚು ದಣಿಸುತ್ತದೆ, ಪ್ರತಿ ಹೆಜ್ಜೆಗೂ ಅದನ್ನು ಎತ್ತಿ ಮುಂದಕ್ಕೆ ಬೀಸಬೇಕಲ್ಲ. ಒಂದು ಬೂಟು ಇನ್ನೊಂದಕ್ಕಿಂತ 300 ಗ್ರಾಂ ಹೆಚ್ಚು ತೂಗುತ್ತದೆ ಅನ್ನಿ. ದಿನಕ್ಕೆ 20,000 ಹೆಜ್ಜೆಯೆಂದರೆ ಒಂದೊಂದು ಕಾಲು 10,000 ಸಲ ಮೇಲೇಳುತ್ತದೆ. ಅಂದರೆ ಒಂದೇ ಕಾಲು ದಿನಕ್ಕೆ 3,000 ಕಿಲೊ ಹೆಚ್ಚುವರಿ ಎತ್ತಿದ ಹಾಗಾಯಿತು. ಗಾಳಿ ತೆಳುವಾದ ಎತ್ತರದಲ್ಲಿ ಇದು ನೇರ ಉಸಿರಿನ ಮೇಲೆ ಬೀಳುತ್ತದೆ.

ಕಾಲ ಗಿಣ್ಣು ಮುಚ್ಚುವ ಎತ್ತರದ ಬೂಟಿನಲ್ಲಿ ಒಂದಕ್ಕೆ 450ರಿಂದ 600 ಗ್ರಾಂ ಒಳ್ಳೆಯ ತೂಕ. 700 ದಾಟಿದರೆ ಈ ಚಾರಣಕ್ಕೆ ಬೇಡದ ಭಾರ. 400ಕ್ಕಿಂತ ಕಡಿಮೆ ಇದ್ದರೆ ಯಾವುದನ್ನು ಬಿಟ್ಟು ತೂಕ ಇಳಿಸಿದ್ದಾರೆ ಎಂದು ನೋಡಿ. ಸಾಮಾನ್ಯವಾಗಿ ಅಟ್ಟೆ ತೆಳುವಾಗಿರುತ್ತದೆ ಅಥವಾ ಮುಂತುದಿಯ ರಬ್ಬರ್ ಕವಚ ಇರುವುದಿಲ್ಲ. ಕಂಪನಿಗಳು ಬರೆಯುವ ತೂಕ ಒಂದು ಕಾಲಿನದೋ ಜೊತೆಯದೋ, ಯಾವ ಸೈಜಿನದೋ ಓದಿಕೊಳ್ಳಿ. ಅನುಮಾನವಿದ್ದರೆ ಅಡುಗೆಮನೆಯ ತಕ್ಕಡಿ ಇದ್ದೇ ಇದೆ.

ಆನ್‌ಲೈನಿನಲ್ಲಿ ಹುಡುಕಿದಾಗ "ಹಂಟಿಂಗ್ ಬೂಟ್" ಎಂಬ ಎತ್ತರದ, ನೋಡಲು ಬಲವಾದ ಬೂಟುಗಳು ಕಣ್ಣಿಗೆ ಬೀಳುತ್ತವೆ. ಅವುಗಳಲ್ಲಿ ಹಲವಕ್ಕೆ ಒಳಗೆ 400, 800 ಗ್ರಾಂ ಇನ್ಸುಲೇಶನ್ ಎಂದು ಬರೆದಿರುತ್ತದೆ. ಇದು ಬೂಟಿನ ತೂಕ ಅಲ್ಲ, ಒಳಗೆ ತುಂಬಿದ ಬೆಚ್ಚನೆ ಪದರ ಒಂದು ಚದರ ಮೀಟರಿಗೆ ಎಷ್ಟು ದಟ್ಟ ಎಂಬ ಲೆಕ್ಕ. ಚಳಿಯಲ್ಲಿ ಗಂಟೆಗಟ್ಟಲೆ ಒಂದೇ ಕಡೆ ಕೂತು ಕಾಯುವವರಿಗೆ ಮಾಡಿದ್ದು ಅದು. ಹತ್ತುವವರು ಹಾಕಿದರೆ ಕಾಲು ಬೆವರಿ ಒಳಗಿನಿಂದಲೇ ಒದ್ದೆ. ಕೇದಾರಕಂಠಕ್ಕೆ ಇನ್ಸುಲೇಶನ್ ಇಲ್ಲದ ಬೂಟು, ಉಣ್ಣೆ ಕಾಲುಚೀಲ ಸಾಕು.

ಹಂತ 4: ನೀರು ಎಲ್ಲೆಲ್ಲಿಂದ ನುಗ್ಗುತ್ತದೆ, ಒಂದೊಂದಾಗಿ ನೋಡಿ

ಮೊದಲು ಪದಗಳು. "ವಾಟರ್ ರೆಸಿಸ್ಟೆಂಟ್" ಎಂದರೆ ತುಂತುರು ತಡೆಯುತ್ತದೆ, ಅಷ್ಟೇ. ಹಿಮದಲ್ಲಿ ಒಂದು ಗಂಟೆ ನಡೆದರೆ ಮುಗಿಯಿತು. ನಿಮಗೆ ಬೇಕಾದದ್ದು "ವಾಟರ್‌ಪ್ರೂಫ್", ಅದರಲ್ಲೂ ಒಳಗೆ ಪೊರೆ ಇರುವಂಥದ್ದು. ಪೊರೆ ಅಂದರೆ ಹೊರಗಿನ ಬಟ್ಟೆಗೂ ಒಳಗಿನ ಮೆತ್ತೆಗೂ ನಡುವೆ ಕಾಲುಚೀಲದ ಆಕಾರದಲ್ಲಿ ಕೂರಿಸಿದ ತೆಳುವಾದ ಹಾಳೆ. ಗೋರ್‌ಟೆಕ್ಸ್ ಇದರಲ್ಲಿ ಹೆಸರಾದದ್ದು. ದೋಸೆ ತವಾದ ನಾನ್‌ಸ್ಟಿಕ್ ಲೇಪಕ್ಕೆ ಬಳಸುವ ಪಿಟಿಎಫ್‌ಇ ಎಂಬ ವಸ್ತುವನ್ನೇ ಜಗ್ಗಿ ಹಿಗ್ಗಿಸಿ ಸೂಕ್ಷ್ಮ ರಂಧ್ರಗಳ ಹಾಳೆ ಮಾಡುವುದನ್ನು 1969ರಲ್ಲಿ ಬಾಬ್ ಗೋರ್ ಕಂಡುಕೊಂಡರು. ರಂಧ್ರಗಳು ನೀರಿನ ಹನಿಗೆ ತೀರಾ ಸಣ್ಣವು, ಬೆವರಿನ ಆವಿಗೆ ಧಾರಾಳ. ಬೇರೆ ಕಂಪನಿಗಳು ತಮ್ಮದೇ ಹೆಸರಿನ ಪೊರೆ ಹಾಕುತ್ತವೆ. ಮೂರ್ನಾಲ್ಕು ದಿನದ ಚಾರಣಕ್ಕೆ ಅವುಗಳಲ್ಲಿ ಒಳ್ಳೆಯವೂ ಸಾಲುತ್ತವೆ.

ಆವಿ ಹೊರಹೋಗಬೇಕಾದರೆ ಹೊರಗಿನ ಗಾಳಿ ಒಳಗಿಗಿಂತ ಒಣಗಿರಬೇಕು. ಹಿಮಾಲಯದ ಚಳಿಗಾಲದ ಗಾಳಿ ಹಾಗಿರುತ್ತದೆ, ಪೊರೆ ಕೆಲಸ ಮಾಡುತ್ತದೆ. ಆಗುಂಬೆಯ ಮಳೆಯಲ್ಲಿ ಗಾಳಿಯೇ ನೀರು ಕುಡಿದಿರುವುದರಿಂದ ಆವಿಗೆ ಹೋಗಲು ಜಾಗವಿಲ್ಲ.

ಈಗ ಬೂಟನ್ನು ಕೈಗೆತ್ತಿಕೊಳ್ಳಿ. ನಾಲಿಗೆಯನ್ನು ಮುಂದಕ್ಕೆ ಎಳೆದು ಅದರ ಎರಡು ಪಕ್ಕಗಳನ್ನು ನೋಡಿ. ನಾಲಿಗೆಗೂ ಬೂಟಿನ ಗೋಡೆಗೂ ನಡುವೆ ಮಡಚಿದ ಬಟ್ಟೆ ಹೊಲಿದಿರಬೇಕು, ಹಳೆಯ ಫೋಟೋ ಕ್ಯಾಮೆರಾದ ತಿದಿಯ ಹಾಗೆ. ಆ ಮಡಿಕೆ ಎಷ್ಟನೇ ಲೇಸು ತೂತಿನವರೆಗೆ ಏರಿದೆ? ಅದೇ ನಿಮ್ಮ ಬೂಟಿನ ನಿಜವಾದ ನೀರಿನ ಮಟ್ಟ. ಬೂಟು ಆರು ಇಂಚು ಎತ್ತರವಿದ್ದು ಮಡಿಕೆ ಮೂರೇ ಇಂಚಿಗೆ ನಿಂತಿದ್ದರೆ ಅದು ಮೂರಿಂಚಿನ ವಾಟರ್‌ಪ್ರೂಫ್ ಬೂಟು. ಮೇಲಿನ ಕೊಕ್ಕೆಗಳ ಹತ್ತಿರದವರೆಗೂ ಏರಿರುವುದನ್ನೇ ಆರಿಸಿ.

ಇನ್ನು ಹೊಲಿಗೆ. ಬೆರಳು ಮಡಚುವ ಜಾಗದಲ್ಲಿ ಅಡ್ಡ ಹೊಲಿಗೆ ಹೆಚ್ಚಿದ್ದಷ್ಟೂ ಅಪಾಯ, ದಿನಕ್ಕೆ ಸಾವಿರಾರು ಸಲ ಮಡಚಿ ಮೊದಲು ಬಿಡುವುದು ಅದೇ. ಮುಂತುದಿಯಲ್ಲಿ ರಬ್ಬರ್ ಕವಚ ಇದೆಯೇ, ಅದು ಅಟ್ಟೆಗೆ ಸಂದಿಲ್ಲದಂತೆ ಅಂಟಿದೆಯೇ ಎಂದು ಉಗುರಿನಿಂದ ಕೆದಕಿ ನೋಡಿ.

ಕೊನೆಗೆ ಹೊರಮೈ. ಹೊಸ ಬೂಟಿನ ಮೇಲೆ ನೀರು ಕೆಸುವಿನ ಎಲೆಯ ಮೇಲಿನ ಹಾಗೆ ಮಣಿಯಾಗಿ ಉರುಳುತ್ತದೆ. ಅದು ಹೊರಬಟ್ಟೆಗೆ ಹಚ್ಚಿದ ಲೇಪ, ಬಳಸುತ್ತಾ ಸವೆಯುತ್ತದೆ. ಸವೆದಾಗ ಹೊರಬಟ್ಟೆ ನೀರು ಕುಡಿದು ಭಾರವಾಗುತ್ತದೆ, ತಣ್ಣಗಾಗುತ್ತದೆ. ಪೊರೆ ಇನ್ನೂ ಸರಿಯಿದ್ದರೂ ಬೆವರಿನ ಆವಿ ಹೊರಗೆ ಹೋಗಲಾಗದೆ ಕಾಲುಚೀಲ ಒದ್ದೆಯಾಗುತ್ತದೆ. "ಬೂಟು ಸೋರುತ್ತಿದೆ" ಎಂದು ಎಸೆದುಬಿಡುವವರು ಹೆಚ್ಚಾಗಿ ಎಡವುವುದು ಇಲ್ಲೇ. ತೊಳೆದು, ಸಿಂಪಡಿಸುವ ಜಲನಿವಾರಕ ದ್ರಾವಣ ಹಚ್ಚಿದರೆ ಅದು ಮತ್ತೆ ಸರಿಹೋಗುತ್ತದೆ.

ಮೇಲ್ತುದಿಯಿಂದ ನುಗ್ಗುವ ಹಿಮಕ್ಕೆ ಬೂಟಿನಲ್ಲಿ ಪರಿಹಾರವಿಲ್ಲ. ಮೊಣಕಾಲು ಮಟ್ಟದ ಹಿಮದಲ್ಲಿ ಯಾವ ಬೂಟಿನ ಬಾಯಿಯೂ ತೆರೆದೇ ಇರುತ್ತದೆ. ಅದಕ್ಕೆ ಬೇಕಾದದ್ದು ಗೇಟರ್: ಬೂಟಿನ ಮೇಲಿನಿಂದ ಮೊಣಕಾಲಿನ ಕೆಳಗಿನವರೆಗೆ ಸುತ್ತುವ ಬಟ್ಟೆಯ ಕವಚ. ಅದರ ಕೊಕ್ಕೆ ಸಿಕ್ಕಿಸಲು ಬೂಟಿನ ಲೇಸಿನ ಬುಡದಲ್ಲಿ ಜಾಗ ಇದೆಯೇ ನೋಡಿ. ಗೇಟರ್ ಚಾರಣ ಸಂಸ್ಥೆಗಳಲ್ಲಿ, ಸಾಂಕ್ರಿಯ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತದೆ. ಬೂಟೂ ಬಾಡಿಗೆಗೆ ಸಿಗುತ್ತದೆ, ಆದರೆ ಬೇರೆಯವರ ಕಾಲಿಗೆ ಪಳಗಿದ ಬೂಟಿನಲ್ಲಿ ನಿಮ್ಮ ಕಾಲು ಸುಖವಾಗಿರುವ ಭರವಸೆ ಇಲ್ಲ.

ಹಂತ 5: ಅಟ್ಟೆ

ತಿರುವಿ ನೋಡಿ. ಹಲ್ಲುಗಳು 4ರಿಂದ 5 ಮಿಲಿಮೀಟರ್ ಆಳ ಇರಲಿ. ಹಲ್ಲುಗಳ ನಡುವೆ ಸಾಕಷ್ಟು ಬಿಡುವಿರಲಿ, ಒತ್ತೊತ್ತಾದ ಹಲ್ಲುಗಳ ನಡುವೆ ಹಿಮ ಮೆತ್ತಿಕೊಂಡು ಅಟ್ಟೆ ನುಣ್ಣಗಾಗುತ್ತದೆ. ಹಿಮ್ಮಡಿಯ ಕಡೆ ಚೌಕ ಅಂಚು ಇದ್ದರೆ ಇಳಿಯುವಾಗ ಹಿಡಿತ ಸಿಗುತ್ತದೆ.

ಬೂಟನ್ನು ಎರಡೂ ಕೈಯಲ್ಲಿ ಹಿಡಿದು ಮಡಚಿ. ಬೆರಳುಗಳ ಬುಡದಲ್ಲಿ ಮಡಚಬೇಕು, ಪಾದದ ನಡುವೆ ಮಡಚಬಾರದು. ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ, ಸುಲಭಕ್ಕೆ ತಿರುಚಿಕೊಂಡರೆ ಕಲ್ಲಿನ ದಾರಿಯಲ್ಲಿ ಅಂಗಾಲು ನೋಯುತ್ತದೆ.

ಗಟ್ಟಿ ಹಿಮಗಡ್ಡೆಯ ಮೇಲೆ ಯಾವ ರಬ್ಬರೂ ನಿಲ್ಲುವುದಿಲ್ಲ. ಅಲ್ಲಿ ಬೂಟಿನ ಮೇಲೆ ಮೈಕ್ರೋಸ್ಪೈಕ್ ತೊಡಬೇಕು. ರಬ್ಬರ್ ಪಟ್ಟಿ, ಸರಪಳಿ, ಚಿಕ್ಕ ಉಕ್ಕಿನ ಮೊಳೆಗಳಿರುವ ಸಾಧನ ಇದು, ಮೆತ್ತನೆ ಬೂಟಿಗೂ ಹೊಂದುತ್ತದೆ. ಉದ್ದ ಮೊಳೆಯ ಕ್ರ್ಯಾಂಪಾನ್ ಬೇರೆ, ಅದಕ್ಕೆ ಗಡುಸು ಅಟ್ಟೆಯ ಭಾರದ ಬೂಟು ಬೇಕು. ಕೇದಾರಕಂಠದ ಮಾಮೂಲಿ ದಾರಿಗೆ ಅದರ ಅಗತ್ಯವಿಲ್ಲ.

ಹಂತ 6: ಅಂಗಡಿಯಲ್ಲಿ ಇಪ್ಪತ್ತು ನಿಮಿಷ

ಸಂಜೆಯೇ ಹೋಗಿ. ಚಾರಣದ ಕಾಲುಚೀಲ ಜೊತೆಗಿರಲಿ. ಅಂಗಡಿಯವರ ತೆಳು ನೈಲಾನ್ ಚೀಲ ಹಾಕಿ ನೋಡಿದರೆ ಎಲ್ಲ ಲೆಕ್ಕವೂ ತಪ್ಪು.

ಮೊದಲು ಒಳಹಾಸನ್ನು, ಅಂದರೆ ಬೂಟಿನೊಳಗಿನ ತೆಗೆಯಬಹುದಾದ ಮೆತ್ತೆಯನ್ನು ಹೊರತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಹಿಮ್ಮಡಿ ಹಿಂದಿನ ಅಂಚಿಗೆ ಸರಿಯಾಗಿ ಕೂತಾಗ ಬೆರಳ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಪಾದ ಪಕ್ಕಕ್ಕೆ ಹೊರಚಾಚಿದರೆ ಆ ಬೂಟು ನಿಮಗಲ್ಲ.

ಆಮೇಲೆ ಲೇಸು ಕಟ್ಟದೆ ಕಾಲು ತೂರಿಸಿ, ಬೆರಳು ಮುಂದಕ್ಕೆ ತಾಗುವವರೆಗೆ ಸರಿಸಿ. ಹಿಮ್ಮಡಿಯ ಹಿಂದೆ ನಿಮ್ಮ ತೋರುಬೆರಳು ನುಸುಳಬೇಕು. ಎರಡು ಬೆರಳು ನುಸುಳಿದರೆ ದೊಡ್ಡದು.

ಈಗ ಲೇಸು ಕಟ್ಟಿ. ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಕೆಳಗಿನ ಸಾಲುಗಳನ್ನು ಹದವಾಗಿ ಬಿಗಿದು, ಪಾದ ಮತ್ತು ಕಾಲು ಕೂಡುವಲ್ಲಿ ಲೇಸನ್ನು ಒಂದರ ಮೇಲೊಂದು ಎರಡು ಸುತ್ತು ಸುತ್ತಿ ಎಳೆಯಿರಿ. ಈ ಜೋಡಿ ಸುತ್ತು ಹಿಮ್ಮಡಿ ಏಳದಂತೆ ತಡೆಯುತ್ತದೆ. ಅದರ ಮೇಲಿನದು ಸ್ವಲ್ಪ ಸಡಿಲವಿರಲಿ.

ಇಳಿಜಾರಿನ ಪರೀಕ್ಷೆ ಬಿಡಬೇಡಿ. ಚಾರಣದ ಅಂಗಡಿಗಳಲ್ಲಿ ಕೆಲವೆಡೆ ಸಣ್ಣ ಇಳಿಜಾರು ಹಲಗೆ ಇರುತ್ತದೆ. ಇಲ್ಲದಿದ್ದರೆ ಮೆಟ್ಟಿಲು. ಜೋರಾಗಿ ಇಳಿಯಿರಿ, ಪಾದವನ್ನು ಮುಂದಕ್ಕೆ ಒದೆಯಿರಿ. ಬೆರಳು ಒಂದೇ ಒಂದು ಸಲ ಮುಂತುದಿಗೆ ತಾಗಿದರೂ ಬೇಡ. ಕೇದಾರಕಂಠದ ತುದಿಯಿಂದ ಸಾಂಕ್ರಿಗೆ 1,800 ಮೀಟರಿಗಿಂತ ಹೆಚ್ಚು ಇಳಿಯಬೇಕು. ಅಂಗಡಿಯ ನಾಲ್ಕು ಮೆಟ್ಟಿಲಲ್ಲಿ ತಾಗಿದ್ದು ಅಲ್ಲಿ ಉಗುರನ್ನು ಕಿತ್ತೇ ಬಿಡುತ್ತದೆ. ಹತ್ತುವಾಗ ಹಿಮ್ಮಡಿ ಕೂದಲೆಳೆಯಷ್ಟು ಎದ್ದರೆ ಪರವಾಗಿಲ್ಲ, ಅರ್ಧ ಸೆಂಟಿಮೀಟರ್ ದಾಟಿದರೆ ಬೊಬ್ಬೆ ಖಚಿತ.

"ಹಾಕ್ತಾ ಹಾಕ್ತಾ ಬಿಡುತ್ತೆ ಸರ್" ಎಂಬ ಮಾತು ಕೇಳುತ್ತೀರಿ. ಚರ್ಮದ ಬೂಟು ಸ್ವಲ್ಪ ಬಿಡುತ್ತದೆ. ಈಗಿನ ಹಗುರ ಬೂಟಿನ ಸಿಂಥೆಟಿಕ್ ಬಟ್ಟೆ ಅಷ್ಟಾಗಿ ಬಿಡುವುದಿಲ್ಲ. ಅಂಗಡಿಯಲ್ಲಿ ನೋಯುವುದು ಬೆಟ್ಟದಲ್ಲೂ ನೋಯುತ್ತದೆ.

ಕಾಲುಚೀಲ ಹತ್ತಿಯದು ಬೇಡವೇ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಉಣ್ಣೆ ಅಥವಾ ಉಣ್ಣೆ ಬೆರೆತ ಮೂರು ಜೊತೆ ಸಾಕು, ಒಂದು ಜೊತೆ ಟೆಂಟಿನಲ್ಲಿ ಮಲಗುವಾಗಲೇ ಮೀಸಲು. ಬೆಚ್ಚಗಿರಲೆಂದು ಮೂರು ಚೀಲ ಒಂದರ ಮೇಲೊಂದು ತುರುಕಿದರೆ ರಕ್ತ ಸಂಚಾರ ನಿಂತು ಬೆರಳು ಮರಗಟ್ಟುತ್ತದೆ. ಬೆರಳು ಆಡಿಸಲು ಜಾಗವಿದ್ದರೇ ಬೆಚ್ಚಗೆ.

ಹಂತ 7: ಮನೆಯಲ್ಲಿ ನೀರಿನ ಪರೀಕ್ಷೆ

ಕೊಂಡ ಮೊದಲ ಎರಡು ದಿನ ಮನೆಯೊಳಗೆ ಮಾತ್ರ ಹಾಕಿ. ಅಳತೆ ಸರಿ ಇಲ್ಲ ಅನಿಸಿದರೆ ಬದಲಿಸಲು ಅಟ್ಟೆ ಕೊಳೆಯಾಗಿರಬಾರದು. ಅಳತೆ ಖಚಿತವಾದ ಮೇಲೆ ಬಕೆಟ್.

ಒಳಹಾಸು ತೆಗೆದು, ಬೂಟಿನೊಳಗೆ ತುದಿಯವರೆಗೆ ಒಣ ಟಿಶ್ಯೂ ಕಾಗದ ಹಾಸಿ. ಅಗಲವಾದ ಟಬ್ಬಿನಲ್ಲಿ ಮೂರು ಇಂಚು ನೀರು ಹಾಕಿ, ಅದು ನಾಲಿಗೆಯ ಮಡಿಕೆಗಿಂತ ಕೆಳಗೇ ಇರಬೇಕು. ಬೂಟು ಹಾಕಿಕೊಂಡು ಹದಿನೈದು ನಿಮಿಷ ಅದರಲ್ಲಿ ನಿಂತು, ಹಿಮ್ಮಡಿ ಎತ್ತಿ ಇಳಿಸುತ್ತಾ ಇರಿ. ಸುಮ್ಮನೆ ನಿಂತರೆ ಸಾಲದು, ಮಡಚುವಾಗಲೇ ಹೊಲಿಗೆ ಬಾಯಿಬಿಡುವುದು. ತೆಗೆದು ಕಾಗದ ನೋಡಿ. ಒಂದು ಕಡೆ ಚುಕ್ಕೆಯಾಗಿ ನೆನೆದಿದ್ದರೆ ಸೋರಿಕೆ, ಜಾಗವೂ ಗೊತ್ತಾಯಿತು. ಎಲ್ಲ ಕಡೆ ಸಮವಾಗಿ ತೇವವಿದ್ದರೆ ಅದು ಬೆವರು.

ಹಂತ 8: ಪಳಗಿಸುವುದು

ವಾರ ಕಾಲ ದಿನಕ್ಕೊಂದು ಗಂಟೆ ಊರೊಳಗೆ. ಆಮೇಲೆ ವಾರಾಂತ್ಯಗಳಲ್ಲಿ ಬೆನ್ನಿಗೆ ಐದಾರು ಕಿಲೊ ಹೇರಿಕೊಂಡು ಮೂರ್ನಾಲ್ಕು ಗಂಟೆ. ಒಟ್ಟು 40–50 ಕಿಲೋಮೀಟರ್ ಆಗಲಿ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇದೆ. ಹತ್ತುವುದಕ್ಕಿಂತ ಇಳಿಯುವುದನ್ನು ಗಮನಿಸಿ. ಬೆಂಗಳೂರಿನವರಿಗೆ ಸಾವನದುರ್ಗದ ಬೋಳುಬಂಡೆ, ಅಲ್ಲಿಯ ಇಳಿಜಾರಿನಲ್ಲಿ ಬೆರಳು ತಾಗದಿದ್ದರೆ ಎಲ್ಲೂ ತಾಗದು.

ಎಲ್ಲಾದರೂ ಬಿಸಿ ಬಿಸಿ ಅನಿಸಿದರೆ ಅದು ಬೊಬ್ಬೆಯ ಮುನ್ಸೂಚನೆ. ಅಲ್ಲೇ ನಿಂತು ಬಟ್ಟೆಯ ಮೆಡಿಕಲ್ ಟೇಪ್ ಅಂಟಿಸಿ. ಜಾಗ ನೆನಪಿಟ್ಟುಕೊಂಡು ಚಾರಣದ ದಿನ ಹೊರಡುವ ಮುನ್ನವೇ ಟೇಪ್ ಹಚ್ಚಿ. ಕಾಲಿನ ಉಗುರನ್ನು ಹೊರಡಲು ಮೂರ್ನಾಲ್ಕು ದಿನ ಮೊದಲು, ನೇರವಾಗಿ ಕತ್ತರಿಸಿ.

ಪ್ರಯಾಣದಲ್ಲಿ ಬೂಟು ಕಾಲಿನಲ್ಲೇ ಇರಲಿ. ವಿಮಾನದಲ್ಲಿ ಬ್ಯಾಗು ತಡವಾದರೆ ಉಳಿದೆಲ್ಲವನ್ನೂ ಬಾಡಿಗೆಗೆ ತಗೊಳ್ಳಬಹುದು. ಡೆಹ್ರಾಡೂನಿನಿಂದ ಸುಮಾರು 200 ಕಿಲೋಮೀಟರ್ ಘಟ್ಟದ ದಾರಿ ದಾಟಿ ಸಾಂಕ್ರಿ ತಲುಪಿದ ಮೇಲೆ ನಿಮ್ಮ ಅಳತೆಯ ಪಳಗಿದ ಬೂಟು ಸಿಗುವುದಿಲ್ಲ.

ಹಂತ 9: ಬೆಟ್ಟದ ಮೇಲೆ, ಬಂದ ಮೇಲೆ

ಕ್ಯಾಂಪ್ ತಲುಪಿದೊಡನೆ ಬೂಟು ಬಿಚ್ಚಿ ಒಳಹಾಸು ಹೊರತೆಗೆಯಿರಿ, ಹಳೆಯ ಪೇಪರ್ ಉಂಡೆ ಮಾಡಿ ತುರುಕಿ. ಬೆಂಕಿಯ ಪಕ್ಕ, ಒಲೆಯ ಪಕ್ಕ ಒಣಗಿಸಬೇಡಿ. ಕಾಲಿಗೆ ಹಿತವೆನಿಸುವ ಆ ಬಿಸಿಗೆ ಅಟ್ಟೆಯ ಅಂಟು ಮೆತ್ತಗಾಗಿ, ಮರುದಿನ ನಡುದಾರಿಯಲ್ಲಿ ಅಟ್ಟೆ ಬಾಯಿ ತೆರೆಯುತ್ತದೆ. ರಾತ್ರಿ ಬೂಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟೆಂಟಿನೊಳಗೆ, ಆದರೆ ಸ್ಲೀಪಿಂಗ್ ಬ್ಯಾಗಿನ ಕಾಲ ಬುಡದಲ್ಲಿ ಇಡಿ. ಹೊರಗೆ ಬಿಟ್ಟರೆ ಬೆಳಗಿನ ಮೂರಕ್ಕೆ ಲೇಸು ಕಡ್ಡಿಯಾಗಿರುತ್ತದೆ. ಬಿಚ್ಚುವಾಗಲೇ ಲೇಸನ್ನು ಕೆಳಗಿನವರೆಗೂ ಸಡಿಲಿಸಿಟ್ಟರೆ ಬೂಟು ಹೆಪ್ಪುಗಟ್ಟಿದರೂ ಕಾಲು ತೂರುತ್ತದೆ.

ಮನೆಗೆ ಬಂದ ಮೇಲೆ ಉಗುರುಬೆಚ್ಚನೆ ನೀರು, ಮೆತ್ತನೆ ಬ್ರಷ್. ಬಟ್ಟೆ ತೊಳೆಯುವ ಪುಡಿ ಬೇಡ, ಅದರ ಅಂಶ ಉಳಿದು ನೀರನ್ನು ಒಳಗೆ ಎಳೆಯುತ್ತದೆ. ನೆರಳಲ್ಲಿ ಒಣಗಿಸಿ, ಹೊರಮೈಯಲ್ಲಿ ಹನಿ ಮಣಿಯಾಗದಿದ್ದರೆ ಜಲನಿವಾರಕ ಹಚ್ಚಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಅಟ್ಟಕ್ಕೆ ಎಸೆಯಬೇಡಿ. ಕೆಲವು ಬೂಟುಗಳ ನಡು ಅಟ್ಟೆ, ಅಂದರೆ ಕೆಳಗಿನ ರಬ್ಬರಿಗೂ ಪಾದಕ್ಕೂ ನಡುವಿನ ಮೆತ್ತನೆ ಪದರ, ಪಿಯು ಎಂಬ ನೊರೆಯಂಥ ವಸ್ತುವಿನದು. ಗಾಳಿಯ ತೇವಕ್ಕೆ ಅದು ವರ್ಷಗಳಲ್ಲಿ ತಾನಾಗಿಯೇ ಪುಡಿಯಾಗುತ್ತದೆ, ಬಳಸದೆ ಇಟ್ಟರೂ ಸರಿ. ಮಂಗಳೂರು, ಕಾರವಾರದಂಥ ತೇವದ ಊರಿನಲ್ಲಿರುವವರು ಇದನ್ನು ಹೆಚ್ಚು ಗಮನಿಸಬೇಕು. ನಾಲ್ಕೈದು ವರ್ಷ ಕಪಾಟಿನಲ್ಲಿದ್ದ ಬೂಟನ್ನು ಮತ್ತೆ ಹಾಕುವ ಮುನ್ನ ನಡು ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಬಿರುಕು ಕಂಡರೆ, ಪುಡಿ ಉದುರಿದರೆ, ಬೆಟ್ಟಕ್ಕೆ ಒಯ್ಯಬೇಡಿ.